ಹಿತ್ತಿಲುಗಳ ಕ್ಯಾಲೆಂಡರ್

ನಮ್ಮ ಊರಿನ ಪುರಸಭೆ ಪ್ರತಿ ವರ್ಷ ಹೊರಡಿಸುವ ಕ್ಯಾಲೆಂಡರನ್ನು ನೀವು ಯಾವುದಾದರೂ ಗೋಡೆಯ ಮೇಲೆ ನೋಡಿದ್ದರೆ, ಇದೆಂಥ ಊರಪ್ಪ ಎಂದು ನಕ್ಕಿರುತ್ತೀರಿ. ಜನವರಿಯಲ್ಲಿ ಬಚ್ಚಲ ಮನೆ, ಮಾರ್ಚಿನಲ್ಲಿ ಸೌದೆ ಒಟ್ಟಿದ ಗೋಡೆ, ಜೂನಿನಲ್ಲಿ ತಿಪ್ಪೆ ಮತ್ತು ಅದರ ಪಕ್ಕದ ಒಗೆಯುವ ಕಲ್ಲು, ಡಿಸೆಂಬರಿನಲ್ಲಿ ದನದ ಕೊಟ್ಟಿಗೆಯ ಹಿಂಬಾಗಿಲು. ವರ್ಷವಿಡೀ ಹಿತ್ತಿಲೇ. ಆ ಪೋಟೋಗಳನ್ನು ತೆಗೆದವನು ನಾನು, ಮಂಚಯ್ಯ. ಊರಿನಲ್ಲಿ ಪೋಟೋ ಮಂಚ ಅಂದರೆ ಬೇಗ ಗೊತ್ತಾಗುತ್ತದೆ.

ಕೆಲಸ ಬಾರದವನು ಅಂದುಕೊಳ್ಳಬೇಡಿ. ಗೋಡೆಯ ಗೆರೆ ನೆಟ್ಟಗೆ ನಿಲ್ಲಬೇಕಾದರೆ ಸ್ಟ್ಯಾಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು, ಕಂಬದ ಕೆತ್ತನೆ ಮೇಲೆದ್ದು ಕಾಣಬೇಕಾದರೆ ಬಿಸಿಲು ಯಾವ ಮಗ್ಗುಲಿಂದ ಬೀಳಬೇಕು, ಇದೆಲ್ಲ ನನಗೆ ಗೊತ್ತು. ಸುತ್ತಿನ ಸೀಮೆಯ ಅಣೆಕಟ್ಟೆ, ಛತ್ರ, ಗೋದಾಮು ಎಲ್ಲವನ್ನೂ ಗೆರೆ ಸೊಟ್ಟಗಾಗದಂತೆ ತೆಗೆದಿದ್ದೇನೆ. ಆದರೆ ನಮ್ಮ ಊರಿನ ಕಟ್ಟಡಗಳು ಹಾಗೆ ಕಂಡಕಂಡವರ ಕ್ಯಾಮೆರಾಕ್ಕೆ ಬೀಳುವುದಿಲ್ಲ. ಯಾರನ್ನು ಎಷ್ಟು ಒಳಗೆ ಬಿಟ್ಟುಕೊಂಡಿದ್ದಾರೋ ಅಷ್ಟು ಭಾಗ ಬರುತ್ತದೆ. ಬಿಟ್ಟುಕೊಳ್ಳದ ಕಡೆ ಹಿಂದಿನ ಗುಡ್ಡ ಕಾಣುತ್ತದೆ, ಆಕಾಶ ಕಾಣುತ್ತದೆ, ಹಾರಿಹೋಗುವ ಕೊಕ್ಕರೆ ಕಾಣುತ್ತದೆ. ಮನೆ ಕಾಣುವುದಿಲ್ಲ.

ನಾನು ಕೇರಿಯವನು. ಊರೊಳಗಿನ ಮನೆಗಳು ನನ್ನನ್ನು ಕರೆದದ್ದೆಲ್ಲ ಹಿತ್ತಿಲ ಕಡೆಯಿಂದ. ಸತ್ತ ಎಮ್ಮೆ ಎಳೆಯಲು, ಸೌದೆ ಸೀಳಲು, ಬಚ್ಚಲ ಗುಂಡಿ ಬಳಿಯಲು. ಅದಕ್ಕೇ ಹಿತ್ತಿಲುಗಳು ಬಂದವು. ನಮ್ಮ ಶಾಲೆಯ ಪೋಟೋ ತೆಗೆದರೆ ಜಗುಲಿಯವರೆಗೆ ಬರುತ್ತದೆ; ನಾನು ಕೂತು ಓದಿದ್ದು ಅಲ್ಲೇ. ಆಸ್ಪತ್ರೆಯಲ್ಲಿ ಹೆಣದ ಕೋಣೆಯೊಂದೇ ಇಟ್ಟಿಗೆ ಇಟ್ಟಿಗೆಯನ್ನೂ ಎಣಿಸುವಷ್ಟು ಸ್ಪಷ್ಟವಾಗಿ ನಿಂತಿರುತ್ತದೆ. ದೇವಸ್ಥಾನ ಇವತ್ತಿಗೂ ಒಂದು ಖಾಲಿ ಬಯಲು, ನಡುವೆ ಒಂದು ಬೇವಿನ ಮರ.

ಹಾಗಾದರೆ ಊರೊಳಗಿನವರೇ ಯಾರಾದರೂ ಈ ಕೆಲಸಕ್ಕೆ ಬರಬಹುದಿತ್ತಲ್ಲ ಎಂದು ಕೇಳುತ್ತೀರಿ. ಬರಬಹುದಿತ್ತು. ಆದರೆ ಪುರಸಭೆಗೆ ಮೊದಲು ಬೇಕಾಗಿದ್ದದ್ದು ಮೋರಿಗಳ ಪೋಟೋ. ಹಾಗಾಗಿ ಪೋಟೋದವನ ಹುದ್ದೆಯನ್ನು ಕಸ ಗುಡಿಸುವವರ ಪಟ್ಟಿಯಲ್ಲಿ ಸೇರಿಸಿದರು. ಆಮೇಲೆ ಕಟ್ಟಡಗಳ ಪೋಟೋ ಬೇಕಾದಾಗ ಹುದ್ದೆ ಅಲ್ಲೇ ಇತ್ತು. ಆ ಪಟ್ಟಿಯಲ್ಲಿ ತಮ್ಮ ಹುಡುಗನ ಹೆಸರು ಬರೆಸಲು ಯಾವ ಮನೆಯವರೂ ಒಪ್ಪಲಿಲ್ಲ. ಪುರಸಭೆಯ ಮುದ್ರೆ ಬೀಳದ ಪೋಟೋ ಎಲ್ಲಿಯೂ ನಡೆಯುವುದಿಲ್ಲ. ಹೀಗೆ ಊರಿನ ಮುಖ ನನ್ನ ಕೈಗೆ ಬಂತು. ಮುಖ ಅಂದೆನೇ? ಬೆನ್ನು.

ಮೊದಲ ಕ್ಯಾಲೆಂಡರ್ ಬಂದಾಗ ಊರೊಳಗೆ ಹಾಹಾಕಾರವೆದ್ದಿತು. ನೆಂಟರು ನಗುತ್ತಾರೆ, ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಇದಕ್ಕೆ ಏನು ಮಾಡುವುದೆಂದು ಚಾವಡಿ ಬೀದಿಯ ಹಿರಿಯರೆಲ್ಲ ಕೂತು ಯೋಚಿಸಿದರು. ನನ್ನನ್ನು ಮುಂಬಾಗಿಲಿನಿಂದ ಕರೆದು ಒಂದು ಲೋಟ ನೀರು ಕೊಡುವ ಆಲೋಚನೆ ಯಾರ ತಲೆಗೂ ಬರಲಿಲ್ಲ. ಅವರಿಗೆ ಹೊಳೆದದ್ದು ಮನೆಯನ್ನು ತಿರುಗಿಸುವ ಉಪಾಯ.

ಚಾವಡಿ ಮನೆ ಪರಮೇಶಪ್ಪನವರು ಮೊದಲು ಶುರುಮಾಡಿದರು. ಅವರ ಮನೆಯ ಮುಂಬಾಗಿಲು ತೇಗದ್ದು. ಬಳ್ಳಿಯ ಮೇಲೆ ಗಿಳಿಗಳ ಸಾಲು, ಒಂದೊಂದು ಗಿಳಿಯೂ ಒಂದೊಂದು ಕಡೆ ನೋಡುತ್ತಿರುತ್ತದೆ. ಹುಡುಗನಾಗಿದ್ದಾಗ ಬೀದಿಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದೆ. ಪರಮೇಶಪ್ಪನವರು ಆ ಬಾಗಿಲನ್ನು ಕೀಳಿಸಿ, ತಿಪ್ಪೆ ಎತ್ತಿಸಿ, ಹಿತ್ತಿಲ ಕಡೆ ಜಗುಲಿ ಕಟ್ಟಿಸಿ ಅಲ್ಲಿ ನಿಲ್ಲಿಸಿದರು. ಹಿತ್ತಿಲು ಮಂಚನ ಕ್ಯಾಮೆರಾಕ್ಕೆ ಬರುತ್ತದಲ್ಲ, ಇನ್ನು ಮೇಲೆ ಗಿಳಿಬಾಗಿಲು ಬರಲಿ ಎಂದು. ನಾನು ಸ್ಟ್ಯಾಂಡ್ ಹೊತ್ತು ಹೋದೆ. ಜಗುಲಿಯ ಹತ್ತಿರ ಬಂದದ್ದೇ ತಡ, ಆಳು ಕೂಗಿದ: "ಏಯ್ ಮಂಚ, ಅದು ಈಗ ಮುಂಬಾಗಿಲು ಕಣ್ಲಾ. ಆ ಕಡೆಯಿಂದ ಬಾ." ಆ ಕಡೆಗೆ ಹೋದೆ. ಹಳೆಯ ಮುಂಭಾಗದಲ್ಲಿ ಈಗ ಸೌದೆ ಒಟ್ಟಿದ್ದರು. ಬಾ ಎಂದರು, ಹೋದೆ. ಪೋಟೋದಲ್ಲಿ ಸೌದೆ ಬಂತು. ಗಿಳಿಬಾಗಿಲಿದ್ದ ಕಡೆ ಗುಡ್ಡ ಬಂತು.

ಸರಿ, ಮತ್ತೆ ತಿರುಗಿಸಿದರು. ಮತ್ತೆ ಅದೇ ಆಯಿತು. ಇವರನ್ನು ನೋಡಿ ಬೀದಿಯ ಉಳಿದವರೂ ತಿರುಗಿಸಿದರು. ಈಗ ನಮ್ಮ ಊರಿನಲ್ಲಿ ಯಾವ ಮನೆಗೆ ಯಾವುದು ಮುಂದು, ಯಾವುದು ಹಿಂದು ಎಂದು ಅಂಚೆಯವನಿಗೂ ಗೊತ್ತಿಲ್ಲ. ಒಂದು ದಿಬ್ಬಣ ವಾಲಗ ಊದಿಕೊಂಡು ನೇರ ಎಮ್ಮೆ ಕೊಟ್ಟಿಗೆಗೆ ನುಗ್ಗಿ, ಬೀಗರು ಸಿಟ್ಟಾಗಿ ವಾಪಸು ಹೊರಟಿದ್ದರು. ನನಗೂ ತಲೆ ಕೆಟ್ಟಿತ್ತು. ಕನಸಿನಲ್ಲಿ ಗಿಳಿಗಳು ಬೆನ್ನು ತಿರುಗಿಸಿ ಕೂತಿರುತ್ತಿದ್ದವು.

ದರ್ಜಿ ಬಾಷಾ ಸಾಬರ ಅಂಗಡಿಯ ಅಟ್ಟದ ಮೇಲೆ ನಾವು ಕೆಲವರು ಭಾನುವಾರ ಸೇರಿ ಓದುತ್ತಿದ್ದೆವು. ಪರಮೇಶಪ್ಪನವರನ್ನು ‘ಬುದ್ಧಿ’ ಅನ್ನುವುದನ್ನು ನಾನು ಬಿಟ್ಟದ್ದು ಆ ಅಟ್ಟದಲ್ಲಿ. ತಪ್ಪು ಕ್ಯಾಮೆರಾದ್ದೋ ಮನೆಯದ್ದೋ ಎಂದು ಅಲ್ಲಿ ಗಂಟಲು ಹರಿಯುವಂತೆ ವಾದ ಮಾಡಿದ್ದೇವೆ. ‘ನಿನಗೆ ಆ ಬಾಗಿಲು ಯಾಕೆ ಬೇಕು ಮಂಚಯ್ಯ, ಸುಟ್ಟು ಹಾಕು ಆ ಆಸೆಯನ್ನ’ ಎಂದು ಬಳಗದವರು ಹೇಳುವಾಗ ಹೌದು ಹೌದು ಎಂದು ನಾನೂ ಮೇಜು ಕುಟ್ಟುತ್ತಿದ್ದೆ. ಮೆಟ್ಟಿಲಿಳಿದು ಬೀದಿಗೆ ಬಂದ ಕೂಡಲೇ ಗಿಳಿಬಾಗಿಲಿನ ಮೇಲೆ ಸಂಜೆ ಬಿಸಿಲು ಯಾವ ಓರೆಯಲ್ಲಿ ಬಿದ್ದಿದೆ ಎಂದು ಕಣ್ಣು ಹೋಗುತ್ತಿತ್ತು. ಒಂದೇ ಒಂದು ಸಲ ಅದು ಪೋಟೋ ತೊಳೆಯುವ ನನ್ನ ತಟ್ಟೆಯಲ್ಲಿ ಏಳಬೇಕು. ಯಾಕೆ ಎಂದರೆ ನನಗೂ ಗೊತ್ತಿಲ್ಲ.

ಹೀಗಿರುವಾಗ ದೊಡ್ಡ ರಸ್ತೆಯ ಸುದ್ದಿ ಬಂತು. ರಸ್ತೆ ಊರನ್ನು ಸೀಳಿಕೊಂಡು ಹೋಗಬೇಕು. ಹೋಗಲು ಇರುವುದು ಎರಡೇ ದಾರಿ: ಚಾವಡಿ ಬೀದಿ, ಇಲ್ಲವೇ ನಮ್ಮ ಕೇರಿ. ಮೇಲಿನ ಕಚೇರಿಯ ಎಂಜಿನಿಯರು ಊರಿಗೆ ಕಾಲಿಡುವವರಲ್ಲ. ಎರಡೂ ಕಡೆಯ ಪೋಟೋ ಕಳಿಸಿ, ಕಟ್ಟಡ ಇಲ್ಲದ ಕಡೆ ಗೆರೆ ಎಳೆಯುತ್ತೇವೆ ಎಂದು ಹೇಳಿಕಳಿಸಿದರು. ಪುರಸಭೆಯವರು ನನ್ನನ್ನು ಕರೆದು, ತೆಗೆದುಕೊಡು ಎಂದರು.

ಮಾರನೆಯ ಬೆಳಿಗ್ಗೆ ಕೇರಿಯ ಮುಂದಿನ ಹುಣಸೆ ಮರದ ಬುಡದಲ್ಲಿ ಪರಮೇಶಪ್ಪನವರು ನಿಂತಿದ್ದರು. ಅದಕ್ಕಿಂತ ಮುಂದೆ ಅವರ ಚಪ್ಪಲಿ ಯಾವತ್ತೂ ಬಂದದ್ದಿಲ್ಲ.

"ಮಂಚಯ್ಯನವರೇ, ಇದ್ದೀರಾ?"

ನನ್ನ ಹೆಂಡತಿ ಸಾಕಮ್ಮ ಅಂಗಳ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಯಾರ್ನೋ ಕರೀತಾವ್ರೆ ನೋಡು, ಮಂಚಯ್ಯನವರಂತೆ. ನಮ್ ಕೇರೀಲಿ ಆ ಎಸ್ರಿನೋರು ಯಾರವ್ರೆ?" ಆಮೇಲೆ ದನಿ ಎತ್ತಿ, "ಬುದ್ದೀ, ಇಲ್ಲೊಬ್ಬ ಮಂಚ ಅವ್ನೆ, ಆಗ್ತದಾ?" ಎಂದಳು.

ಪರಮೇಶಪ್ಪನವರು ನಕ್ಕಂತೆ ಮಾಡಿದರು. "ನಾಳೆ ಬೆಳಿಗ್ಗೆ ಮನೆಗೆ ಬನ್ನಿ. ಮುಂಬಾಗಿಲಿನಿಂದಲೇ ಬನ್ನಿ. ಕಾಫಿ ಕುಡಿಯೋಣ."

ಅವರು ಹೋದ ಮೇಲೆ ಸಾಕಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಮುಖವನ್ನೇ ನೋಡಿದಳು. "ಓಗ್ತೀಯಾ?"

"ಪುರಸಭೆ ಕೆಲಸ ಕಣೇ. ಓಗ್ಲೇಬೇಕು."

"ಅವರ ಮನೆ ಪೋಟೋದಾಗೆ ಎದ್ ನಿಂತ್ರೆ, ಗೆರೆ ನಮ್ ಮನೆ ಮೇಲೆ ಬತ್ತದೆ. ಗೊತ್ತಲ್ವಾ?"

"ಗೊತ್ತು."

"ಮತ್ತ್ಯಾಕೆ ಗಡ್ಡ ಎರ್ಕೊಳಾಕ್ ಕೂತಿದ್ದೀಯ?"

ನನ್ನ ಕೈಯಲ್ಲಿ ಬ್ಲೇಡು ಇತ್ತು. ಅದು ಯಾವಾಗ ಕೈಗೆ ಬಂತೋ ನೆನಪಿಲ್ಲ.

ಮರುದಿನ ಬೆಳಿಗ್ಗೆ ಚಾವಡಿ ಬೀದಿಯ ಎರಡೂ ಬದಿಗೆ ಜನ ನಿಂತಿದ್ದರು. ಬಲಗಾಲಿಟ್ಟು ಬನ್ನಿ ಎಂದರು ಪರಮೇಶಪ್ಪನವರು. ಗಿಳಿಬಾಗಿಲು ದಾಟುವಾಗ ತೇಗದ ವಾಸನೆ ಬಂತು. ಹೊರಗೆ ನಿಂತು ನೋಡುವಾಗ ಬಾಗಿಲಿಗೆ ವಾಸನೆ ಇರುತ್ತದೆಂದು ಹೊಳೆದಿರಲಿಲ್ಲ. ನಡುಮನೆಯಲ್ಲಿ ಜಮಖಾನ ಹಾಸಿದ್ದರು. ಕೂತೆ. ಫಳಫಳ ಹೊಳೆಯುವ ಸ್ಟೀಲಿನ ಲೋಟದಲ್ಲಿ ಕಾಫಿ ಬಂತು. ತಳಕ್ಕೆ ಬೆರಳು ಕೊಟ್ಟರೆ ಏನೋ ಅಂಟಿತು. ಅಂಗಡಿಯ ಚೀಟಿ, ಇನ್ನೂ ಕಿತ್ತಿರಲಿಲ್ಲ. ಕಾಫಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಕುಡಿದು ಎದ್ದೆ. ನಾನು ಎದ್ದ ಬೆನ್ನಿಗೇ ಆಳು ಜಮಖಾನ ಸುತ್ತಿಕೊಂಡು ಹಿತ್ತಿಲ ಕಡೆ ಓಡಿದ. ಯಾವ ಕಡೆಯ ಹಿತ್ತಿಲಿಗೋ!

ಹೊರಗೆ ಬಂದು ಸ್ಟ್ಯಾಂಡ್ ನಿಲ್ಲಿಸಿ, ಕಪ್ಪು ಬಟ್ಟೆ ಹೊದ್ದು, ಗೆರೆ ನೆಟ್ಟಗೆ ಮಾಡಿ ಒತ್ತಿದೆ. ನನ್ನ ಕತ್ತಲೆ ಕೋಣೆಯಲ್ಲಿ ಕಾಗದವನ್ನು ತಟ್ಟೆಯ ನೀರಿಗೆ ಬಿಟ್ಟು ಅಲ್ಲಾಡಿಸುವಾಗ ಬಾ ಬಾ ಎಂದು ಮನಸ್ಸಿನ ಒಂದು ಕಡೆ ಕರೆಯುತ್ತಿತ್ತು, ಬೇಡ ಬೇಡ ಎಂದು ಇನ್ನೊಂದು ಕಡೆ ಅಂಗಲಾಚುತ್ತಿತ್ತು. ಗುಡ್ಡ ಬಂತು. ಆಕಾಶ ಬಂತು. ಆಮೇಲೆ ಆಕಾಶದ ನಡುವೆ, ಯಾವ ಆಸರೆಯೂ ಇಲ್ಲದೆ, ಒಂದು ಸ್ಟೀಲಿನ ಲೋಟ ತೇಲಿಕೊಂಡು ಬಂತು. ತಳದ ಚೀಟಿ ಸಮೇತ.

ಪೋಟೋ ನೋಡಿದ ಪರಮೇಶಪ್ಪನವರ ಮುಖ ಕಪ್ಪಿಟ್ಟಿತು. "ಕರೆದೆನಲ್ಲೋ! ಮುಂಬಾಗಿಲಿನಿಂದ ಕರೆದೆನಲ್ಲೋ! ಕಾಫಿ ಕುಡಿದೆಯೋ ಇಲ್ಲವೋ?"

"ಕುಡಿದೆ. ಚೆನ್ನಾಗಿತ್ತು."

"ಮತ್ತಿನ್ನೇನೋ ಬೇಕು ಇದಕ್ಕೆ?"

ಅವರು ನಾಟಕವಾಡುತ್ತಿರಲಿಲ್ಲ. ನಿಜಕ್ಕೂ ಅವರಿಗೆ ಅರ್ಥವಾಗಿರಲಿಲ್ಲ. ಕೇರಿಯಲ್ಲಿ ಮಾತ್ರ ತಮಟೆ ಶುರುವಾಯಿತು. ಗೆರೆ ಆ ಕಡೆ ಹೋಯಿತು, ನಾವು ಬದುಕಿದೆವು ಎಂದು. ನನ್ನ ಹೆಗಲ ಮೇಲೆ ಹೂವಿನ ಹಾರ ಬಿತ್ತು. ಹಾರ ಹಾಕಿಕೊಂಡೇ ಮನೆಯ ಹಿಂದಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ. ಕಣ್ಣಲ್ಲಿ ನೀರು ಬರುತ್ತಿತ್ತು. ಯಾತಕ್ಕೆ ಅಳುತ್ತಿದ್ದೇನೆ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಇನ್ನು ಕೇರಿಯ ಪೋಟೋ. ಅದೇನು ಮಹಾ, ಪ್ರತಿ ಮನೆಯಲ್ಲೂ ಉಂಡವನು ನಾನು. ಹುಣಸೆ ಮರದಿಂದ ಶುರುಮಾಡಿ ಸಾಲಾಗಿ ತೆಗೆದೆ. ಒಂದೊಂದೇ ಮನೆ ತಟ್ಟೆಯಲ್ಲಿ ಎದ್ದಿತು. ಹೆಂಚು, ಸೂರಿಗೆ ಸಿಕ್ಕಿಸಿದ ಕುಡುಗೋಲು, ಗೋಡೆಗೆ ಬಡಿದ ಬೆರಣಿ, ಎಲ್ಲ. ನನ್ನ ಮನೆಯೂ ಬಂತು. ಅದರ ಆಚೆ, ಮೋರಿ ದಾಟಿದರೆ ಕೊನೆಯದು ಮುನಿಯಕ್ಕನ ಮನೆ. ಅಲ್ಲಿ ಜಾಲಿ ಮರ ಬಂದಿತ್ತು. ಮನೆ ಬಂದಿರಲಿಲ್ಲ.

ಮುನಿಯಕ್ಕ ಊರಿನ ಬೀದಿ ಗುಡಿಸುವವಳು, ಒಂಟಿ ಹೆಂಗಸು. ಪುರಸಭೆಯ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೇ ಅವಳ ಹೆಸರು. ಕೇರಿಯಲ್ಲಿಯೂ ಹಾಗೆಯೇ, ನಮ್ಮೆಲ್ಲರಿಗಿಂತ ಕೆಳಗೆ. ಮೋರಿಯ ಈಚೆಯವರು ಆಚೆ ಉಣ್ಣುವುದಿಲ್ಲ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಅಟ್ಟದ ಮೇಲಿನ ಅಷ್ಟು ವರ್ಷಗಳ ಗಂಟಲು ಹರಿದ ವಾದಗಳಲ್ಲಿ ಮುನಿಯಕ್ಕನ ಮನೆ ಎಂಬ ಮಾತು ಒಂದು ಸಲವೂ ಬಂದದ್ದಿಲ್ಲ.

"ಕ್ಯಾಮೆರಾ ಕೆಟ್ಟದೆ ಕಣೇಳು," ಎಂದಳು ಸಾಕಮ್ಮ. ಇನ್ನೊಂದು ಸಲ ತೆಗೆದೆ. ಜಾಲಿ ಮರವೇ. ಕೇರಿಯ ಹಿರಿಯರು ಅದೊಂದು ಮನೆ ಹೋದರೆ ಹೋಗಲಿ ಬಿಡು ಎಂದರು. ಆದರೆ ರಸ್ತೆ ಒಂದು ಮನೆಯ ಅಗಲದ್ದಲ್ಲ. ಖಾಲಿ ಜಾಗ ಕಂಡ ಕಡೆ ಗೆರೆ ಮೂಗು ತೂರಿಸಿದರೆ, ಆಮೇಲೆ ನನ್ನ ಮನೆ, ನನ್ನ ಮನೆಯ ಪಕ್ಕದ್ದು, ಹೀಗೆ ಹುಣಸೆ ಮರದವರೆಗೂ ನುಂಗಿಕೊಂಡು ಬರುತ್ತದೆ. ಆಗ ಚಾವಡಿ ಬೀದಿಯ ಖಾಲಿಗಿಂತ ಕೇರಿಯ ಖಾಲಿಯೇ ಕಚೇರಿಯವರಿಗೆ ಸುಲಭವಾಗಿ ಕಾಣುತ್ತದೆ.

ಕ್ಯಾಮೆರಾ ಹಿಡಿದು ಮೋರಿ ದಾಟಿದೆ. ಸಾಕಮ್ಮ ಹಿಂದೆ ಬಂದಳು. ಮುನಿಯಕ್ಕ ಹೊಸ್ತಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಮುನಿಯಕ್ಕಾ, ಒಂದ್ ಗಳಿಗೆ ನನ್ನ ಒಳಿಕ್ ಕರೀತೀಯಾ?"

"ಕರೆಯಾಕೇನಪ್ಪಾ, ಬಾಯ್ ಮಾತು. ಬಾ." ಅವಳು ಎಲೆಗೆ ಸುಣ್ಣ ಹಚ್ಚುತ್ತ ನಕ್ಕಳು. "ಚಾವಡಿ ಮನೆಯೋರೂ ಕರೆದ್ರಂತಲ್ಲ ನಿನ್ನ? ಲೋಟ ಒಂದೇ ಬಂತಂತೆ?"

ನಾನು ಹೊಸ್ತಿಲ ಮೇಲೆ ಎತ್ತಿದ್ದ ಕಾಲನ್ನು ಕೆಳಗಿಟ್ಟೆ.

"ಇಂಗ್ ಮಾಡ್ಮ," ಎಂದಳು ಮುನಿಯಕ್ಕ. "ಮೊದ್ಲು ನಿನ್ ಮನೆ ನನ್ ಕಣ್ಗೆ ಬತ್ತದಾ ನೋಡ್ಮ. ಆ ಡಬ್ಬ ಕೊಡಿಲ್ಲಿ."

ಎಲ್ಲಿ ಒತ್ತಬೇಕು ಎಂದು ತೋರಿಸಿಕೊಟ್ಟೆ. ಅವಳು ಕಪ್ಪು ಬಟ್ಟೆಯೊಳಗೆ ನುಗ್ಗಿ, ಒಳಗಿನಿಂದಲೇ "ಅಯ್ ಶಿವ್ನೇ, ಎಲ್ಲಾ ತಲೆಕೆಳ್ಗಾಗದೆ" ಎಂದು ಕಿಸಕ್ಕನೆ ನಕ್ಕು, ಒತ್ತಿದಳು. ಮೂವರೂ ನನ್ನ ಕತ್ತಲೆ ಕೋಣೆಯ ಹತ್ತಿರ ಬಂದೆವು. ಅದು ಮನೆಗೆ ಆನಿಸಿ ಕಟ್ಟಿದ ತಗಡಿನ ಗೂಡು. ಹೆಂಗಸರು ಹೊರಗೆ ನಿಂತರು. ನಾನೊಬ್ಬನೇ ತೊಳೆದು, ಹಸಿ ಕಾಗದವನ್ನು ಬೆಳಕಿಗೆ ತಂದೆ.

ಮೋರಿ ಬಂದಿತ್ತು. ನಮ್ಮ ಅಂಗಳದ ಕೋಳಿ ಬಂದಿತ್ತು. ನಮ್ಮ ಮನೆ ಇರಬೇಕಾದ ಕಡೆ ಬಯಲು. ಬಯಲಿನ ನಡುವೆ, ಎದೆಯೆತ್ತರದಲ್ಲಿ, ಕಿವಿ ಮುರಿದ ಒಂದು ಪಿಂಗಾಣಿ ಲೋಟ ನೇತಾಡುತ್ತಿತ್ತು. ಹಬ್ಬದ ದಿನ ಮುನಿಯಕ್ಕ ಬಂದರೆ ಪಾಯಸ ಹುಯ್ಯಲು ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆಯೇ ಇಟ್ಟಿದ್ದ ಲೋಟ.

ಮುನಿಯಕ್ಕ ಕಾಗದಕ್ಕೆ ಮುಖವಿಟ್ಟು ನೋಡಿದಳು. "ನನ್ ಲೋಟ ಚೆನ್ನಾಗ್ ಬಂದದೆ ಕಣವ್ವ ಸಾಕಮ್ಮ," ಎಂದಳು.

ಸಾಕಮ್ಮ ನಮ್ಮ ಮನೆಯನ್ನೊಮ್ಮೆ ನೋಡಿದಳು, ಕಾಗದವನ್ನೊಮ್ಮೆ ನೋಡಿದಳು, ಕೈಯಿಂದ ಗೋಡೆ ಮುಟ್ಟಿ ನೋಡಿದಳು. ಗೋಡೆ ಇತ್ತು. ಆಮೇಲೆ ಸರಕ್ಕನೆ ಒಳಗೆ ಹೋದಳು. ನಾನು ಮುನಿಯಕ್ಕನ ಮುಖ ನೋಡಲಾರದೆ ಕೋಳಿಯನ್ನು ನೋಡುತ್ತ ನಿಂತೆ. ಈಗ ಏನು ಮಾಡಬೇಕು? ಜಮಖಾನ ಹಾಸುವುದೇ? ನಮ್ಮ ಮನೆಯಲ್ಲಿ ಜಮಖಾನ ಇಲ್ಲ. ಹೊಸ ಲೋಟ ತರಲು ಅಂಗಡಿಗೆ ಓಡುವುದೇ? ಎರಡು ಹೆಜ್ಜೆ ಹೊರಟೂಬಿಟ್ಟಿದ್ದೆ. ಚೀಟಿಯ ನೆನಪಾಗಿ ಅಲ್ಲೇ ನಿಂತೆ.

ಅಷ್ಟರಲ್ಲಿ ಒಳಗಿನಿಂದ ಸಾಕಮ್ಮ ಕಿರುಚಿದಳು. "ಮುನಿಯಕ್ಕಾ! ನೋಡ್ತಾ ನಿಂತಿದ್ದೀಯಲ್ಲ, ಬಂದು ಪಾತ್ರೆ ಇಡ್ಕೋ! ಹಿಟ್ಟು ಸೀದೋಯ್ತಾ ಅದೆ!"

ಮುನಿಯಕ್ಕ ಒಂದು ಕ್ಷಣ ಹೊಸ್ತಿಲ ಹತ್ತಿರ ತಡೆದಳು. ಸೀದ ವಾಸನೆ ಬಂತು. ಸೆರಗು ಸಿಕ್ಕಿಸಿ ನುಗ್ಗಿಬಿಟ್ಟಳು. ಒಬ್ಬಳು ಪಾತ್ರೆ ಹಿಡಿದರೆ ಇನ್ನೊಬ್ಬಳು ಕೋಲಲ್ಲಿ ತೊಳಸಬೇಕು, ಮುದ್ದೆ ಆಗುವುದೇ ಹಾಗೆ. ಒಳಗೆ ಜಗಳ ಕೇಳುತ್ತಿತ್ತು. ‘ಗಂಟಾಯ್ತದೆ, ಬೇಗ ತಿರುಗ್ಸು.’ ‘ನಂಗ್ ಯೋಳಾಕ್ ಬರ್ಬೇಡ, ನೆಟ್ಗೆ ಇಡ್ಕೋ.’ ‘ನಿನ್ ಗಂಡ ಇಷ್ಟ್ ದಿನ ಇಂಥ ಮುದ್ದೆನಾ ಉಂಡಿದ್ದು? ಅಯ್ಯೋ ಪಾಪ.’ ‘ಉಂಡವ್ನೆ, ಬಗ್ಗಿ ಬಗ್ಗಿ ಉಂಡವ್ನೆ.’ ಆಮೇಲೆ ಇಬ್ಬರೂ ನಕ್ಕದ್ದು ಕೇಳಿಸಿತು. ನನ್ನ ಮನೆಯ ಹೊರಗೆ ನಾನು ನೆಂಟನ ಹಾಗೆ ನಿಂತಿದ್ದೆ.

"ಏ ಪೋಟೋದೋನೇ," ಎಂದು ಮುನಿಯಕ್ಕ ಕೂಗಿದಳು, "ನಿನ್ ಮನೇಗ್ ನಿನ್ನ ನಾನ್ ಕರೀಬೇಕಾ? ಬಾ ಉಣ್ಣು, ಆರೋಯ್ತದೆ."

ಮಾರನೆಯ ದಿನ ಮುನಿಯಕ್ಕನ ಸೂರಿನ ಹೆಂಚು ಜಾರಿದೆ ಎಂದು ಸಾಕಮ್ಮ ನನ್ನ ಹೆಗಲಿಗೆ ಏಣಿ ಏರಿಸಿ ಕಳಿಸಿದಳು. ಒಳಗೆ ಹೋಗಿ, ಏಣಿ ನಿಲ್ಲಿಸಿ, ಹೆಂಚು ಕೂರಿಸಿ, ಅವಳು ಕೊಟ್ಟ ನೀರು ಕುಡಿದು ಹೊರಗೆ ಬಂದೆ. "ಡಬ್ಬ ತಂದಿಲ್ವಾ?" ಎಂದಳು ಮುನಿಯಕ್ಕ. ಡಬ್ಬದ ನೆನಪೇ ಇರಲಿಲ್ಲ. ಓಡಿಹೋಗಿ ತಂದು ಒತ್ತಿದೆ. ತಟ್ಟೆಯಲ್ಲಿ ಮೊದಲು ಜಾಲಿ ಮರ ಬಂತು. ತಟ್ಟೆಯನ್ನು ಇನ್ನೊಂದಿಷ್ಟು ಅಲ್ಲಾಡಿಸಿದೆ. ಆಮೇಲೆ ಹೊಸ್ತಿಲು ಬಂತು, ಅರ್ಧ ತೆರೆದ ಬಾಗಿಲು ಬಂತು, ನಾನು ಕೂರಿಸಿದ ಹೆಂಚು ಸ್ವಲ್ಪ ಸೊಟ್ಟಗೆ ಬಂತು. ಕೆಲಸ ಮಾಡಿದ್ದು ಮುದ್ದೆಯೋ, ಏಣಿಯೋ, ಮರೆತದ್ದೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಪೋಟೋಗಳು ಮೇಲಿನ ಕಚೇರಿಗೆ ಹೋದವು. ಸ್ವಲ್ಪ ದಿನಕ್ಕೆ ಚಾವಡಿ ಬೀದಿಯ ಉದ್ದಕ್ಕೂ ಸುಣ್ಣದ ಗೆರೆ ಬಿತ್ತು. ಅದು ಗಿಳಿಬಾಗಿಲಿನ ನಡುಮಧ್ಯದಿಂದ ಹಾದುಹೋಗಿತ್ತು. ಅಗೆಯುವವರು ಬರುವುದರೊಳಗೆ ಬೇರೆ ಪೋಟೋ ಕೊಟ್ಟರೆ ಗೆರೆ ಸರಿಸಬಹುದಂತೆ, ಎರಡೂ ಕಡೆ ಮನೆ ಕಂಡರೆ ಊರ ಹೊರಗಿನ ಖಾಲಿ ಹೊಲಗಳ ಮೇಲೆ ಬಳಸಿ ಹೋಗಬಹುದಂತೆ ಎಂದು ಪುರಸಭೆಯಲ್ಲಿ ಮಾತಿತ್ತು.

ಒಂದು ಮಧ್ಯಾಹ್ನ ನಮ್ಮ ಅಂಗಳದಲ್ಲಿ ನೆರಳು ಬಿತ್ತು. ಪರಮೇಶಪ್ಪನವರು. ಹುಣಸೆ ಮರ ದಾಟಿ ಬಂದಿದ್ದರು. ತಲೆಯ ಮೇಲೆ ಟವೆಲ್ಲು, ಕಂಕುಳಲ್ಲಿ ಕಾಗದ ಸುತ್ತಿದ ಏನೋ.

"ಮಂಚಯ್ಯ, ನಿಜ ಹೇಳಿಬಿಡು," ಎಂದರು ದನಿ ತಗ್ಗಿಸಿ. "ಆ ಗುಡಿಸೋಳ ಮನೆ ಪೂರ್ತಿ ಬಂದಿದೆಯಂತಲ್ಲ. ಅವಳು ನಿನಗೆ ಯಾವ ಲೋಟದಲ್ಲಿ ಕೊಟ್ಟಳು? ಯಾವ ಅಂಗಡೀದು?" ಕಾಗದ ಬಿಚ್ಚಿದರು. ಒಳಗೆ ಒಂದು ಹಿತ್ತಾಳೆಯದು, ಒಂದು ಗಾಜಿನದು, ಒಂದು ಬೆಳ್ಳಿಯದು. "ಇದರಲ್ಲಿ ಯಾವುದಾದರೂ ಆಗುತ್ತಾ?"

ಅಟ್ಟದ ಮೇಲೆ ಕಲಿತ ಮಾತುಗಳೆಲ್ಲ ನಾಲಿಗೆಯ ತುದಿಗೆ ನುಗ್ಗಿ ಬಂದವು. ಆದರೆ ಆ ಮನುಷ್ಯ ಮೂರು ಲೋಟ ಹಿಡಿದು ಮಗುವಿನ ಹಾಗೆ ನಿಂತಿದ್ದ. ನನ್ನ ಕಣ್ಣ ಮುಂದೆ ಗಿಳಿಗಳು ಒಂದೊಂದು ಕಡೆ ನೋಡುತ್ತಿದ್ದವು. ಆ ಬಾಗಿಲು ಉಳಿಯಬೇಕೋ ಮುರಿಯಬೇಕೋ, ನನಗೆ ಬೇಕಾದದ್ದು ಯಾವುದು?

ಒಳಗೆ ಸಾಕಮ್ಮನೂ ಮುನಿಯಕ್ಕನೂ ಹುರುಳಿಕಾಳು ಹಸನು ಮಾಡುತ್ತ ಕೂತಿದ್ದರು. ಮೊರದ ಸದ್ದು ನಿಂತಿತು.

"ಯಾರದು ಬಿಸ್ಲಲ್ ನಿಂತಿರೋದು?" ಎಂದು ಮುನಿಯಕ್ಕನ ದನಿ ಬಂತು. "ಒಳಿಕ್ ಬರಾಕೇಳು, ನೀರ್ ಕುಡೀಲಿ."

ಪರಮೇಶಪ್ಪನವರು ಲೋಟಗಳನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಒಂದು ಕಾಲಿನ ಚಪ್ಪಲಿ ಬಿಟ್ಟರು. ಕೇರಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಟವೆಲ್ಲನ್ನು ಹಣೆಯ ಮೇಲೆ ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಾಗಿದರು.

"ಮಂಚಯ್ಯ... ನಿಮ್ಮ ಮನೆಯ ಹಿಂಬಾಗಿಲು ಯಾವ ಕಡೆ?"

"ಹಿಂಬಾಗಿಲು ಇಲ್ಲ, ಪರಮೇಶಪ್ಪನವರೇ. ನಮ್ಮದಕ್ಕೆ ಇರೋದು ಇದೊಂದೇ ಬಾಗಿಲು."

ಹೇಳಿ, ದಾರಿಗೆ ಅಡ್ಡವಾಗದಂತೆ ನಾನು ಪಕ್ಕಕ್ಕೆ ಸರಿದು ನಿಂತೆ.